ಕೊಳಚೆ ಕೆಸರು ಸೊಪ್ಪಿನ ಮಡಿಗೆ ಬರುವ ಮುನ್ನ

ಮೆಂತ್ಯ ಬಿತ್ತಿದ 22–25 ದಿನಕ್ಕೆ ಕೀಳಲು ಬರುತ್ತದೆ, ಕೀರೆ ಒಂದು ತಿಂಗಳೊಳಗೆ, ಕೊತ್ತಂಬರಿ ಸುಮಾರು 40 ದಿನಕ್ಕೆ. ಕೊಳಚೆ ಕೆಸರಿನಲ್ಲಿರುವ ದುಂಡುಹುಳದ ಮೊಟ್ಟೆ ಮಾತ್ರ ತೇವದ ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದುಕೊಂಡಿರಬಲ್ಲದು. ಸೊಪ್ಪು ನೆಲಕ್ಕೆ ಅಂಟಿಕೊಂಡೇ ಬೆಳೆಯುವ ಬೆಳೆ. ನಮ್ಮಲ್ಲಿ ಅದನ್ನು ಬೇರುಸಹಿತ ಕಿತ್ತು, ಮಣ್ಣು ಮೆತ್ತಿದ ಹಾಗೆಯೇ ಕಟ್ಟು ಕಟ್ಟುವುದೂ ಉಂಟು. ಕೊತ್ತಂಬರಿ, ಪುದೀನ ಹಸಿಯಾಗಿಯೇ ತಟ್ಟೆಗೆ ಬರುತ್ತವೆ. ಆದ್ದರಿಂದ ಕೆಸರಿನ ಗೊಬ್ಬರ ಹಾಕುವವರು ಸೊಪ್ಪನ್ನು ಸರದಿಯ ಕೊನೆಗೆ ಇಟ್ಟುಕೊಳ್ಳಬೇಕು. ಕೆಸರು ಮೊದಲು ಬಿಸಿಯಲ್ಲಿ ಬೇಯಬೇಕು, ಆಮೇಲೆ ಮಾಗಬೇಕು, ಸಾಧ್ಯವಾದರೆ ಇನ್ನೊಂದು ಬೆಳೆಯನ್ನೂ ದಾಟಿ ಬರಬೇಕು.

ಬೆಂಗಳೂರಿನ ಸುತ್ತಮುತ್ತಲ ಊರುಗಳಲ್ಲಿ ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡುವ ಸಕ್ಕಿಂಗ್ ಗಾಡಿಯವರಿಂದ ಕೆಸರನ್ನು ಹೊಲಕ್ಕೆ ನೇರವಾಗಿ ಸುರಿಸಿಕೊಳ್ಳುವ ರೂಢಿ ಇದೆ. ಬಾಳೆ, ತೆಂಗಿನ ತೋಟದಲ್ಲಿ ಗುಂಡಿ ತೋಡಿ ಹೂಳುವುದಕ್ಕೂ ಸೊಪ್ಪಿನ ಹೊಲದ ಮೇಲೆ ಹರಡುವುದಕ್ಕೂ ಅಜಗಜಾಂತರ. ಎರಡನೆಯದನ್ನು ಯಾವ ಕಾರಣಕ್ಕೂ ಮಾಡಬೇಡಿ. ಕೆಸರನ್ನು ಊರಿನ ಹಸಿಕಸದ ಜೊತೆ ಬೆರೆಸಿ ಕಾಂಪೋಸ್ಟ್ ಮಾಡುವ ದಾರಿ ಇದೆ. 2015ರಲ್ಲಿ ದೇವನಹಳ್ಳಿಯಲ್ಲಿ ಶುರುವಾದ ಮಲಕೆಸರು ಸಂಸ್ಕರಣಾ ಘಟಕ ಹಿಡಿದದ್ದು ಅದೇ ದಾರಿ. ಇಲ್ಲಿ ಹೇಳಿರುವುದು ಅದೇ ಕೆಲಸವನ್ನು ಒಂದೆರಡು ಟನ್ ಅಳತೆಯಲ್ಲಿ ಮಾಡುವ ಕ್ರಮ.

ಯಾವ ಕೆಸರು ತರಬೇಕು

ರೋಗಾಣುವನ್ನು ಬಿಸಿ ಕೊಲ್ಲುತ್ತದೆ. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ಎಷ್ಟು ಬೇಯಿಸಿದರೂ ಎಲ್ಲಿಗೂ ಹೋಗುವುದಿಲ್ಲ. ಬದಲಿಗೆ ರಾಶಿ ಕುಗ್ಗಿದಂತೆ ಅವುಗಳ ಪ್ರಮಾಣ ಕೆಜಿಗೆ ಇನ್ನೂ ಹೆಚ್ಚುತ್ತದೆ. ಹಾಗಾಗಿ ಲೋಹದ ವಿಚಾರ ಕೆಸರನ್ನು ಆರಿಸುವಾಗಲೇ ತೀರ್ಮಾನವಾಗಬೇಕು. ಪ್ಲೇಟಿಂಗ್ ಶಾಪ್, ಬಣ್ಣದ ಘಟಕ, ಬ್ಯಾಟರಿ ಅಂಗಡಿ, ಗ್ಯಾರೇಜುಗಳ ನೀರು ಸೇರುವ ಚರಂಡಿಯ ಕೆಸರು ಬೇಡವೇ ಬೇಡ. ರಾಜಕಾಲುವೆಯ ಹೂಳು, ಕೊಳಚೆ ಸೇರುವ ಕೆರೆಯ ಹೂಳೂ ಇದೇ ಸಾಲಿನವು.

ವಾಸದ ಮನೆಗಳ ನೀರು ಮಾತ್ರ ಬರುವ ಅಪಾರ್ಟ್‌ಮೆಂಟ್ ಕೊಳಚೆ ನೀರು ಸಂಸ್ಕರಣಾ ಘಟಕದ (ಎಸ್‌ಟಿಪಿ) ಕೆಸರು ಇದ್ದುದರಲ್ಲಿ ಮೇಲು. ಫಿಲ್ಟರ್ ಪ್ರೆಸ್‌ನಿಂದ ನೀರು ಹಿಂಡಿದ ಮೇಲೆ ಬರುವ ಕೇಕ್‌ನಲ್ಲಿ, ಅಂದರೆ ಗಟ್ಟಿ ಕೆಸರಿನಲ್ಲಿ, ನೂರಕ್ಕೆ ಸುಮಾರು 75–80 ಭಾಗ ನೀರು ಇರುತ್ತದೆ. ಎಸ್‌ಟಿಪಿ ನೋಡಿಕೊಳ್ಳುವವರನ್ನು ಎರಡು ಪ್ರಶ್ನೆ ಕೇಳಿ: ಕೆಸರು ಗಟ್ಟಿಯಾಗಲು ಏನು ಹಾಕುತ್ತೀರಿ, ಕಟ್ಟಡದಲ್ಲಿ ಕ್ಲಿನಿಕ್, ಲ್ಯಾಬ್, ಡ್ರೈಕ್ಲೀನಿಂಗ್ ಅಂಗಡಿ ಏನಾದರೂ ಇದೆಯೇ? ಪಾಲಿಮರ್ ಹಾಕಿದ ಕೇಕ್ ರಬ್ಬರಿನ ಹಾಗೆ ಮುದ್ದೆ ಕಟ್ಟುತ್ತದೆ, ಪುಡಿ ಮಾಡಲು ಶ್ರಮ ಜಾಸ್ತಿ. ಸುಣ್ಣ ಹಾಕಿದ್ದರೆ ಪಿಎಚ್ (ಹುಳಿ-ಕ್ಷಾರದ ಅಳತೆ) 9 ದಾಟಿರಬಹುದು. ಅಂಥದ್ದು ರಾಶಿಯಲ್ಲಿ ಬೇಗ ಬಿಸಿಯೇರುವುದಿಲ್ಲ, ಅಮೋನಿಯಾ ಘಾಟು ಮಾತ್ರ ಹೊಡೆಯುತ್ತದೆ.

ಸೆಪ್ಟಿಕ್ ಟ್ಯಾಂಕಿನಿಂದ ಸಕ್ಕಿಂಗ್ ಗಾಡಿ ತರುವುದರಲ್ಲಿ 95 ಭಾಗಕ್ಕೂ ಹೆಚ್ಚು ನೀರೇ. ಅದನ್ನು ಮೊದಲು ಒಣಹಾಸಿನಲ್ಲಿ ಒಣಗಿಸಬೇಕು: ಕೆಳಗೆ ಒಂದಡಿಯಷ್ಟು ಜಲ್ಲಿ, ಮೇಲೆ 20–30 ಸೆಂ.ಮೀ. ಮರಳು, ಅದರ ಮೇಲೆ 20–25 ಸೆಂ.ಮೀ. ದಪ್ಪಕ್ಕೆ ಕೆಸರು. ಬೇಸಿಗೆಯಲ್ಲಿ ಎರಡು ವಾರದೊಳಗೆ ಬಿರುಕು ಬಿಟ್ಟು ಸಲಿಕೆಗೆ ಬರುತ್ತದೆ. ಮಳೆಗಾಲದಲ್ಲಿ ಚಾವಣಿ ಇಲ್ಲದೆ ಒಣಗುವುದೇ ಇಲ್ಲ. ಜಲ್ಲಿಯಡಿ ಇಳಿಯುವ ನೀರೂ ಕೊಳಚೆಯೇ, ಅದನ್ನು ಬಾವಿಯ ದಿಕ್ಕಿಗಾಗಲಿ ಮೋರಿಗಾಗಲಿ ಬಿಡುವಂತಿಲ್ಲ. ಇಷ್ಟೆಲ್ಲ ವ್ಯವಸ್ಥೆ ಇಲ್ಲದವರು ಸೆಪ್ಟಿಕ್ ಟ್ಯಾಂಕಿನ ಕೆಸರಿಗೆ ಕೈ ಹಾಕದಿರುವುದು ಒಳ್ಳೆಯದು. ಅದರಲ್ಲಿ ಪ್ಯಾಡ್, ಬ್ಲೇಡು, ಪ್ಲಾಸ್ಟಿಕ್ ಎಲ್ಲ ಇರುತ್ತವೆ ಎನ್ನುವುದು ಬೇರೆ ಮಾತು.

ಮೈಮೇಲೆ ಎಚ್ಚರ

ಗಮ್‌ಬೂಟು, ಮೊಣಕೈವರೆಗಿನ ರಬ್ಬರ್ ಕೈಗವಸು, ಒಣ ಪುಡಿ ಏಳುವಾಗ ಮಾಸ್ಕ್. ಟಿಟಿ ಚುಚ್ಚುಮದ್ದು ಆಗಿರಬೇಕು. ಜಂತುಹುಳದ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಿ. ಹಸಿ ಕೆಸರಿಗೆ ಬಳಸಿದ ಸಲಿಕೆ, ಬಾಂಡ್ಲಿಗಳಿಗೆ ಕೆಂಪು ಬಣ್ಣ ಬಳಿದು ಬೇರೆ ಇಡಿ, ಕಾರಣ ಮುಂದೆ ಬರುತ್ತದೆ. ಟ್ಯಾಂಕಿನೊಳಗೆ ಯಾರೂ ಇಳಿಯಕೂಡದು, ಯಾರನ್ನೂ ಇಳಿಸಕೂಡದು. ಒಳಗಿನ ಗಾಳಿ ಎರಡು ಉಸಿರಿಗೆ ಕೆಡವುತ್ತದೆ. ರಕ್ಷಣಾ ಸಲಕರಣೆ ಇಲ್ಲದೆ ಮನುಷ್ಯರನ್ನು ಟ್ಯಾಂಕಿಗೆ ಇಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ ಕೂಡ.

ರಾಶಿ ಹಾಕುವ ಲೆಕ್ಕ

ಜಾಗ ಬಾವಿ, ಬೋರ್‌ವೆಲ್‌ನಿಂದ ದೂರವಿರಲಿ, ನೀರು ನಿಲ್ಲದ ಎತ್ತರದಲ್ಲಿರಲಿ. ಕೆಳಗೆ ಸಿಮೆಂಟ್ ನೆಲ ಅಥವಾ ದಪ್ಪ ಟಾರ್ಪಾಲು, ಮೇಲೆ ಶೀಟು.

ಕೇಕ್‌ನಲ್ಲಿ ಸಾರಜನಕ ಬಹಳ, ಇಂಗಾಲ ಕಡಿಮೆ. ಅದೊಂದನ್ನೇ ಗುಡ್ಡೆ ಹಾಕಿದರೆ ಗಾಳಿಯಾಡದೆ ಕೊಳೆಯುತ್ತದೆ ಹೊರತು ಬೇಯುವುದಿಲ್ಲ. ಒಂದು ಟನ್ ಕೇಕ್‌ಗೆ 300 ಕೆಜಿ ಒಣ ತರಗೆಲೆ, 150 ಕೆಜಿ ಮರದ ಹೊಟ್ಟು ಸೇರಿಸಿ. ಹೀಗೆ ಮಾಡಿದಾಗ ಇಂಗಾಲ ಮತ್ತು ಸಾರಜನಕದ ಅನುಪಾತ ಸುಮಾರು 23ಕ್ಕೆ ಬರುತ್ತದೆ, ತೇವ 57 ಭಾಗದ ಹತ್ತಿರ ನಿಲ್ಲುತ್ತದೆ. ಬೇರೆ ನೀರು ಹಾಕುವ ಅಗತ್ಯವಿಲ್ಲ. ಹೊಟ್ಟು ಸಿಗದಿದ್ದರೆ ಚೂರು ಮಾಡಿದ ರಾಗಿ ಹುಲ್ಲು ಅಥವಾ ತೆಂಗಿನ ನಾರಿನ ಪುಡಿ ಆಗುತ್ತದೆ. ನಾರಿನ ಪುಡಿ ನೀರು ಹಿಡಿದುಕೊಂಡು ಗಾಳಿಯ ಸಂದು ಮುಚ್ಚುತ್ತದೆ, ಆದ್ದರಿಂದ ಅದರ ಜೊತೆ ಒರಟು ಕಡ್ಡಿ, ಜೋಳದ ದಂಟಿನ ತುಂಡು ಬೆರೆಸಬೇಕಾಗುತ್ತದೆ. ಪೇಂಟ್, ವಾರ್ನಿಷ್ ಬಳಿದ ಮರದ ಹೊಟ್ಟು, ಪ್ಲೈವುಡ್ ಪುಡಿ ಬೇಡ.

ಇಡೀ ಕೆಲಸದಲ್ಲಿ ಜನ ಹಾರಿಸಿಬಿಡುವ ಹೆಜ್ಜೆ ಮುದ್ದೆ ಒಡೆಯುವುದು. ಮುಷ್ಟಿಗಾತ್ರದ ಕೇಕ್ ಉಂಡೆಯ ಹೊರಗೆ 60 ಡಿಗ್ರಿ ಇದ್ದರೂ ನಡುವಿಗೆ ಗಾಳಿ ಹೋಗದೆ, ಬಿಸಿಯೂ ಸರಿಯಾಗಿ ತಾಗದೆ ಮೊಟ್ಟೆಗಳು ಹಾಗೇ ಉಳಿಯುತ್ತವೆ. ಹೊಟ್ಟಿನ ಮೇಲೆ ಕೇಕ್ ಹರಡಿ, ಸಲಿಕೆಯಿಂದ ಕೊಚ್ಚಿ, ಎಲ್ಲ ಉಂಡೆಗಳೂ ಒಂದಂಗುಲಕ್ಕಿಂತ ಚಿಕ್ಕದಾಗುವವರೆಗೆ ಮಗುಚಿ. ಒಣ ಹೊಟ್ಟು ಮೆತ್ತಿಕೊಂಡರೆ ಉಂಡೆ ಮತ್ತೆ ಕೂಡಿಕೊಳ್ಳುವುದಿಲ್ಲ.

ನೆಲದ ಮೇಲೆ 15–20 ಸೆಂ.ಮೀ. ಒರಟು ಕಡ್ಡಿ, ಅದರ ಮೇಲೆ ಮಿಶ್ರಣ. ಎತ್ತರ ಒಂದೂವರೆ ಮೀಟರ್, ಬುಡದ ಅಗಲ ಎರಡು ಮೀಟರ್. ಇದಕ್ಕಿಂತ ಚಿಕ್ಕ ರಾಶಿ ಬಿಸಿ ಹಿಡಿದಿಟ್ಟುಕೊಳ್ಳುವುದಿಲ್ಲ. ಬಕೆಟ್ಟಿನಲ್ಲಿ, ಡ್ರಮ್ಮಿನಲ್ಲಿ ಅಡುಗೆಮನೆ ಕಸಕ್ಕೆ ಮಾಡುವ ಹಾಗೆ ಕೆಸರಿಗೆ ಮಾಡಿದರೆ ಪ್ರಯೋಜನವಿಲ್ಲ ಎನ್ನುವುದು ಇದಕ್ಕೇ. ಕೊನೆಗೆ ರಾಶಿಯ ಮೈಗೆಲ್ಲ 15 ಸೆಂ.ಮೀ. ಹಳೆಯ ಕಾಂಪೋಸ್ಟ್ ಅಥವಾ ತರಗೆಲೆ ಹೊದಿಸಿ. ನೊಣ ಕೂರುವುದಿಲ್ಲ, ರಾತ್ರಿಯ ತಣುಪು ತಾಗುವುದಿಲ್ಲ.

ಬಿಸಿಯ ಪಂಚಾಂಗ

ಉದ್ದ ಕಡ್ಡಿಯ ಡಯಲ್ ಥರ್ಮಾಮೀಟರ್ ಬೇಕೇ ಬೇಕು; ಕಡ್ಡಿ ಎರಡಡಿಯಾದರೂ ಇರಲಿ. ಕಬ್ಬಿಣದ ಸರಳು ಚುಚ್ಚಿ, ಎಳೆದು, ಕೈಗೆ ಸುಟ್ಟರೆ ಸಾಕು ಎನ್ನುವುದು ತಿಪ್ಪೆಗೊಬ್ಬರದ ಲೆಕ್ಕ. 48 ಡಿಗ್ರಿಯ ಸರಳೂ ಕೈ ಸುಡುತ್ತದೆ, 58 ಡಿಗ್ರಿಯದೂ ಸುಡುತ್ತದೆ. ನಮಗೆ ಬೇಕಾದ ವ್ಯತ್ಯಾಸ ಆ ಎರಡರ ನಡುವೆಯೇ ಇದೆ.

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1993ರಲ್ಲಿ ಮಾಡಿದ ಕೆಸರು ನಿಯಮದಲ್ಲಿ ಮಗುಚುವ ರಾಶಿಗೆ ಹೇಳಿರುವುದು ಇಷ್ಟು: 55 ಡಿಗ್ರಿ ಅಥವಾ ಅದಕ್ಕಿಂತ ಮೇಲೆ ಕನಿಷ್ಠ 15 ದಿನ, ಆ ಅವಧಿಯಲ್ಲಿ ಐದು ಸಲ ಮಗುಚುವುದು. ಈ ಲೆಕ್ಕವನ್ನೇ ಹಿಡಿಯಿರಿ. ಮಿಶ್ರಣ ಸರಿಯಿದ್ದರೆ ಎರಡರಿಂದ ನಾಲ್ಕು ದಿನದಲ್ಲಿ 55 ದಾಟುತ್ತದೆ. ನಡುವಿನಲ್ಲಿ, ಅಂಚಿನಿಂದ ಒಂದಡಿ ಒಳಗೆ, ಬುಡದ ಹತ್ತಿರ, ಹೀಗೆ ಮೂರು ಕಡೆ ಪ್ರತಿದಿನ ಒಂದೇ ಹೊತ್ತಿಗೆ ಅಳೆದು ಪುಸ್ತಕದಲ್ಲಿ ಬರೆಯಿರಿ. ಮೂರರಲ್ಲಿ ಅತಿ ಕಡಿಮೆ ಇರುವುದೇ ಆ ದಿನದ ಅಂಕಿ. ಮೂರು ದಿನ 55ರ ಮೇಲೆ ನಿಂತ ನಂತರ ಮಗುಚಿ: ಹೊರಗಿದ್ದದ್ದು ಒಳಕ್ಕೆ, ಒಳಗಿದ್ದದ್ದು ಹೊರಕ್ಕೆ. ಸುಮ್ಮನೆ ಕೆದಕಿ ಬಿಟ್ಟರೆ ಹೊರಪದರ ಹೊರಗೇ ಉಳಿಯುತ್ತದೆ, ಆ ಪದರ ಒಮ್ಮೆಯೂ ಬೆಂದಿರುವುದಿಲ್ಲ. ಮಗುಚಿದ ದಿನ ಬಿಸಿ ಇಳಿಯುತ್ತದೆ, ಮರುದಿನ ಏರುತ್ತದೆ. ಇಳಿದ ದಿನಗಳನ್ನು ಹದಿನೈದರಲ್ಲಿ ಸೇರಿಸಬೇಡಿ. ಹೀಗೆ ಒಟ್ಟು ಮೂರು ವಾರ, ಕೆಲವೊಮ್ಮೆ ನಾಲ್ಕು ಹಿಡಿಯುತ್ತದೆ.

ಬಿಸಿ 68–70 ದಾಟಿದರೆ ಕೆಲಸ ಮಾಡುವ ಸೂಕ್ಷ್ಮಜೀವಿಗಳೇ ಸಾಯತೊಡಗುತ್ತವೆ, ಕೂಡಲೇ ಮಗುಚಬೇಕು. ಬಿಸಿ 45ರಲ್ಲಿ ನಿಂತುಹೋದರೆ ಗವಸು ಹಾಕಿ ಒಂದು ಹಿಡಿ ಹಿಂಡಿ ನೋಡಿ. ನೀರು ಸುರಿದರೆ ತೇವ ಹೆಚ್ಚು, ಒಣ ಹೊಟ್ಟು ಬೆರೆಸಿ. ಒಂದೆರಡು ಹನಿ ಬಂದರೆ ತೇವ ಸರಿಯಿದೆ, ಗಾಳಿ ಸಾಲದು. ಕೈಯಲ್ಲಿ ಉದುರಿದರೆ ಒಣಗಿದೆ, ಮಗುಚುತ್ತಾ ನೀರು ಚಿಮುಕಿಸಿ. ಕೊಳೆತ ಮೊಟ್ಟೆಯ ನಾತ ಬಂದರೆ ಒಳಗೆ ಉಸಿರಾಟ ನಿಂತಿದೆ ಎಂದರ್ಥ. ಕಣ್ಣು ಉರಿಸುವ ಅಮೋನಿಯಾ ಘಾಟಾದರೆ ಇಂಗಾಲ ಕಡಿಮೆಯಾಗಿದೆ, ದುಡ್ಡು ಕೊಟ್ಟು ಕೊಳ್ಳುವ ಸಾರಜನಕ ಗಾಳಿಗೆ ಹೋಗುತ್ತಿದೆ. ಬೂದಿ ಸುರಿದರೆ ವಾಸನೆ ಹೋಗುತ್ತದೆ ಎಂದು ಕೆಲವರು ಸುರಿಯುತ್ತಾರೆ. ಬೂದಿ ಪಿಎಚ್ ಏರಿಸಿ ಅಮೋನಿಯಾವನ್ನು ಇನ್ನಷ್ಟು ಹೊರಗೆ ತಳ್ಳುತ್ತದೆ.

ಒಂದು ಟನ್ ಕೇಕ್ ಹಾಕಿದ ರಾಶಿಯಿಂದ ಕೊನೆಗೆ ಸಿಗುವುದು ಸುಮಾರು 500 ಕೆಜಿ ಗೊಬ್ಬರ.

ಮಾಗಿಸುವುದು ಮತ್ತು ಪರೀಕ್ಷೆ

ಬಿಸಿ ಮುಗಿದ ಮೇಲೆ ಚಾವಣಿಯಡಿ ಎರಡು ತಿಂಗಳು ಮಾಗಲು ಬಿಡುವುದು ಸಾಮಾನ್ಯ ಪದ್ಧತಿ. ಸೊಪ್ಪಿನ ಹೊಲಕ್ಕಾದರೆ ಪೂರ್ತಿ ಒಂದು ವರ್ಷ ಬಿಡಿ ಎನ್ನುವುದು ನಮ್ಮ ಸಲಹೆ. ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾರ್ಗಸೂಚಿ, ಬಿಸಿಯಿಲ್ಲದೆ ಬರೀ ಕೂಡಿಟ್ಟು ಮಲದ ಗೊಬ್ಬರವನ್ನು ಸುರಕ್ಷಿತ ಮಾಡಲು 20–35 ಡಿಗ್ರಿ ಹವೆಯಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಬೇಕು ಎನ್ನುತ್ತದೆ. ಮಗುಚುವಾಗ ಎಲ್ಲೋ ಒಂದು ಮೂಲೆ ತಪ್ಪಿ ಉಳಿದಿದ್ದರೆ ಈ ವರ್ಷ ಅದನ್ನು ಸರಿದೂಗಿಸುತ್ತದೆ. ಎರಡು ಗುಂಡಿಯ ಶೌಚಾಲಯ ಇರುವವರು ತುಂಬಿದ ಗುಂಡಿಯನ್ನು ಮುಚ್ಚಿ ಎರಡು ವರ್ಷ ಬಿಡುವುದೂ ಇದೇ ತತ್ತ್ವದ ಮೇಲೆ.

ಮಾಗುತ್ತಿರುವ ರಾಶಿಗೆ ಕೆಂಪು ಬಣ್ಣದ ಸಲಿಕೆ ತಾಗಕೂಡದು. ಆಗಷ್ಟೇ ತಣ್ಣಗಾದ ಕಾಂಪೋಸ್ಟ್‌ನಲ್ಲಿ ಪೈಪೋಟಿ ಕೊಡುವ ಸೂಕ್ಷ್ಮಜೀವಿಗಳು ಕಡಿಮೆಯಾಗಿರುತ್ತವೆ. ಒಂದು ಸಲಿಕೆ ಹಸಿ ಕೆಸರು ಬಿದ್ದು, ಮೇಲೊಂದು ಮಳೆ ಹನಿಸಿದರೆ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಮತ್ತೆ ಹೆಚ್ಚಿಕೊಳ್ಳುತ್ತದೆ. ಮೂರು ವಾರದ ಬೆವರು ಒಂದು ಸಂಜೆಯಲ್ಲಿ ನೀರುಪಾಲು.

ಪರೀಕ್ಷೆಗೆ ಮಾದರಿ ತೆಗೆಯುವಾಗ ರಾಶಿಯ 10–12 ಕಡೆಯಿಂದ, ಬೇರೆಬೇರೆ ಆಳದಿಂದ ತೆಗೆದು ಬೆರೆಸಿ. ಅದರಲ್ಲಿ ಒಂದು ಕೆಜಿಯನ್ನು ಹೊಸ ಪಾಲಿಥಿನ್ ಚೀಲದಲ್ಲಿ ತಂಪಾಗಿಟ್ಟು, ರಾಷ್ಟ್ರೀಯ ಪ್ರಯೋಗಾಲಯ ಮಾನ್ಯತಾ ಮಂಡಳಿಯ (ಎನ್‌ಎಬಿಎಲ್) ಮಾನ್ಯತೆ ಇರುವ ಪ್ರಯೋಗಾಲಯಕ್ಕೆ ಬೇಗ ಮುಟ್ಟಿಸಿ. ಮೂರು ವಿಷಯ ಕೇಳಿ. ಮೊದಲನೆಯದು ಇ. ಕೋಲೈ ಎಂಬ ಮಲದ ಬ್ಯಾಕ್ಟೀರಿಯಾ: ಒಣ ತೂಕದ ಒಂದು ಗ್ರಾಂಗೆ 1000ಕ್ಕಿಂತ ಕಡಿಮೆ ಇರಬೇಕು. ಎರಡನೆಯದು ಜಂತುಹುಳದ ಮೊಟ್ಟೆ: ಒಂದು ಗ್ರಾಂಗೆ ಒಂದಕ್ಕಿಂತ ಕಡಿಮೆ. ಇವೆರಡೂ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಗಳು. ಮೊಟ್ಟೆಯ ಪರೀಕ್ಷೆಯನ್ನು ಎಲ್ಲ ಲ್ಯಾಬುಗಳೂ ಮಾಡುವುದಿಲ್ಲ, ಫೋನು ಮಾಡಿ ಕೇಳಿಕೊಂಡೇ ಹೋಗಿ. ಇ. ಕೋಲೈ ಇಲ್ಲ ಎಂದ ಮಾತ್ರಕ್ಕೆ ಮೊಟ್ಟೆ ಇಲ್ಲ ಎಂದು ತಿಳಿಯಬೇಡಿ. ಬ್ಯಾಕ್ಟೀರಿಯಾ ಸುಲಭವಾಗಿ ಸಾಯುತ್ತದೆ, ಮೊಟ್ಟೆಯ ಚಿಪ್ಪು ಗಟ್ಟಿ.

ಮೂರನೆಯದು ಲೋಹ. 1985ರ ರಸಗೊಬ್ಬರ ನಿಯಂತ್ರಣ ಆದೇಶ ನಗರದ ಕಸದ ಕಾಂಪೋಸ್ಟ್‌ಗೆ ಇಟ್ಟಿರುವ ಮಿತಿ ಕೆಜಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಹೀಗಿದೆ: ಕ್ಯಾಡ್ಮಿಯಂ 5, ಸೀಸ 100, ಕ್ರೋಮಿಯಂ 50, ನಿಕ್ಕೆಲ್ 50, ತಾಮ್ರ 300, ಸತು 1000, ಪಾದರಸ 0.15, ಆರ್ಸೆನಿಕ್ 10. ಮನೆಗಳ ಕೆಸರಿನಲ್ಲೂ ಕೊಳಾಯಿ, ಬೆಸುಗೆ, ಸತು ಲೇಪದ ಪೈಪುಗಳಿಂದ ತಾಮ್ರ, ಸತು ಬರುತ್ತವೆ. ಗಡಿ ಮೀರುವುದಿದ್ದರೆ ಮನೆಕೆಸರಿನಲ್ಲಿ ಮೊದಲು ಮೀರುವುದು ಬಹುಶಃ ಅವೇ.

ಔಷಧಿಯ ಉಳಿಕೆ, ಪ್ಲಾಸ್ಟಿಕ್ಕಿನ ಸೂಕ್ಷ್ಮ ಚೂರು, ನಾನ್‌ಸ್ಟಿಕ್ ಮತ್ತು ವಾಟರ್‌ಪ್ರೂಫ್ ಸಾಮಾನುಗಳಿಂದ ಬರುವ ಫ್ಲೋರಿನ್ ರಾಸಾಯನಿಕಗಳ ಮಾತು ಬೇರೆ. ಆ ಫ್ಲೋರಿನ್ ರಾಸಾಯನಿಕಗಳ ಕಾರಣಕ್ಕೇ ಅಮೆರಿಕದ ಮೇನ್ ರಾಜ್ಯ 2022ರಲ್ಲಿ ಹೊಲಕ್ಕೆ ಕೆಸರು ಹಾಕುವುದನ್ನೇ ನಿಷೇಧಿಸಿತು. ಕಾಂಪೋಸ್ಟ್ ಮಾಡುವುದರಿಂದ ಅವು ಹೋಗುವುದಿಲ್ಲ. ಒಂದೇ ಹೊಲಕ್ಕೆ ವರ್ಷ ವರ್ಷವೂ ಇದೇ ಗೊಬ್ಬರ ಬೇಡ ಎನ್ನುವುದಕ್ಕೆ ಇದೂ ಒಂದು ಕಾರಣ.

ಮಾಗಿದೆಯೋ ಇಲ್ಲವೋ ನೋಡಲು ಲ್ಯಾಬು ಬೇಡ. ಒಂದು ಪಾಲು ಗೊಬ್ಬರವನ್ನು ಹತ್ತು ಪಾಲು ನೀರಿನಲ್ಲಿ ಕದಡಿ, ಸೋಸಿ, ಆ ನೀರಿನಲ್ಲಿ 50 ರಾಗಿ ಕಾಳು, ಬರೀ ನೀರಿನಲ್ಲಿ 50 ಕಾಳು ಮೊಳಕೆಗೆ ಇಡಿ. ಬರೀ ನೀರಿನಲ್ಲಿ ಮೊಳೆತದ್ದರ ಶೇ. 80ರಷ್ಟಾದರೂ ಗೊಬ್ಬರದ ನೀರಿನಲ್ಲಿ ಮೊಳೆಯದಿದ್ದರೆ ಇನ್ನೂ ಮಾಗಬೇಕು.

ಹೊಲಕ್ಕೆ

ಹೊಲದ ಮಣ್ಣಿನ ಪಿಎಚ್ ಮೊದಲು ನೋಡಿ. ನಮ್ಮ ಕೆಂಪು ಮಣ್ಣು ಹಲವು ಕಡೆ ಹುಳಿ. ಹುಳಿ ಮಣ್ಣಿನಲ್ಲಿ ಕ್ಯಾಡ್ಮಿಯಂ, ಸತು ಸಡಿಲಾಗಿ ಬೇರಿಗೆ ಸಿಗುತ್ತವೆ, ಮತ್ತು ಎಲ್ಲ ತರಕಾರಿಗಳಿಗಿಂತ ಹೆಚ್ಚು ಕ್ಯಾಡ್ಮಿಯಂ ಹೀರುವ ಗುಂಪಿಗೆ ಪಾಲಕ್ ಸೇರುತ್ತದೆ. 6.5ಕ್ಕಿಂತ ಕಡಿಮೆಯಿದ್ದರೆ ಕೃಷಿ ಸುಣ್ಣ ಹಾಕಿ ಸರಿಮಾಡಿದ ಮೇಲೆಯೇ ಮುಂದಿನ ಮಾತು.

ಪ್ರಮಾಣ: ಗುಂಟೆಗೆ 100 ಕೆಜಿ, ವರ್ಷಕ್ಕೆ ಒಂದೇ ಸಲ. ಇದರಲ್ಲಿ ಸಾರಜನಕ ಒಟ್ಟು ಒಂದು ಕೆಜಿಗೂ ತುಸು ಹೆಚ್ಚು ಇರಬಹುದು, ಆದರೆ ಮೊದಲ ವರ್ಷ ಬೆಳೆಗೆ ಸಿಗುವುದು ಅದರ ಹತ್ತರಲ್ಲಿ ಒಂದೋ ಎರಡೋ ಪಾಲು. ಸೊಪ್ಪು ಎಳೆದುಕೊಳ್ಳುವುದು ಇದಕ್ಕಿಂತ ಬಹಳ ಹೆಚ್ಚು. "ಬಣ್ಣ ಬಂದಿಲ್ಲ, ಇನ್ನೂ ನಾಲ್ಕು ಗಾಡಿ ಹೊಡಿ" ಎನ್ನುವ ತಪ್ಪು ಇಲ್ಲೇ ಆಗುವುದು. ಉಳಿದ ಸಾರಜನಕವನ್ನು ಬೇವಿನ ಹಿಂಡಿ ಅಥವಾ ಯೂರಿಯಾದಿಂದ ಕೊಡಿ. ಪೊಟ್ಯಾಷ್ ಕೆಸರಿನಲ್ಲಿ ಹೆಚ್ಚು ಉಳಿಯುವುದಿಲ್ಲ, ನೀರಿನ ಜೊತೆ ಹೋಗಿರುತ್ತದೆ. ಸೌದೆ ಬೂದಿ ಅಥವಾ ಎಂಒಪಿ ಬೇರೆಯಾಗಿ ಹಾಕಬೇಕು. ರಂಜಕ ಮಾತ್ರ ಧಾರಾಳ, ಡಿಎಪಿ ಬೇಡ.

ಲೋಹದ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಿ. ಕ್ಯಾಡ್ಮಿಯಂ ಮಿತಿಯ ತುದಿಯಲ್ಲೇ, ಅಂದರೆ ಕೆಜಿಗೆ 5 ಮಿ.ಗ್ರಾಂ. ಇದ್ದರೆ 100 ಕೆಜಿ ಗೊಬ್ಬರದ 75 ಕೆಜಿ ಒಣ ಭಾಗದಲ್ಲಿ 375 ಮಿ.ಗ್ರಾಂ. ಆಯಿತು. ಒಂದು ಗುಂಟೆಯ ಮೇಲಿನ ಅರ್ಧ ಅಡಿ ಮಣ್ಣಿನ ತೂಕ ಸುಮಾರು 22–23 ಟನ್. ಹರಡಿದರೆ ಮಣ್ಣಿನ ಕೆಜಿಗೆ 0.017 ಮಿ.ಗ್ರಾಂ. ಒಂದು ವರ್ಷಕ್ಕೆ ಏನೂ ಅಲ್ಲ ಅನಿಸುತ್ತದೆ. ನಾಲ್ಕು ಪಟ್ಟು ಸುರಿದು ಹತ್ತು ವರ್ಷ ಮಾಡಿದರೆ 0.7 ಸೇರಿರುತ್ತದೆ, ಒಮ್ಮೆ ಸೇರಿದ್ದನ್ನು ತೆಗೆಯುವ ದಾರಿ ಇಲ್ಲ.

ಸರದಿ ಹೀಗಿರಲಿ. ಮೇ ತಿಂಗಳಲ್ಲಿ ಗೊಬ್ಬರ ಹರಡಿ, ಅದೇ ದಿನ ಅರ್ಧ ಅಡಿ ಆಳಕ್ಕೆ ಉತ್ತು ಮಣ್ಣಿಗೆ ಸೇರಿಸಿ. ಜೂನ್–ಜುಲೈಯಲ್ಲಿ ರಾಗಿ, ಮುಸುಕಿನ ಜೋಳ ಅಥವಾ ಚೆಂಡುಹೂವು. ಸೊಪ್ಪಿಗೆ ಮುಂದಿನ ವರ್ಷದ ಜುಲೈ ಕಳೆಯಲಿ. ಅಲ್ಲಿಗೆ 14 ತಿಂಗಳಾಗುತ್ತದೆ. ಅಮೆರಿಕದ ನಿಯಮ ಪೂರ್ತಿ ರೋಗಾಣುಮುಕ್ತವಾಗದ ಕೆಸರು ಹಾಕಿದ ಹೊಲದಲ್ಲಿ ಮಣ್ಣಿಗೆ ತಾಗುವ ತರಕಾರಿ ಕೊಯ್ಯಲು ಬಿಡಬೇಕೆನ್ನುವುದು ಇಷ್ಟೇ ಅವಧಿ. ಯುರೋಪಿನ 1986ರ ನಿರ್ದೇಶನ ಹಸಿಯಾಗಿ ತಿನ್ನುವ, ಮಣ್ಣಿಗೆ ತಾಗುವ ಬೆಳೆಗೆ ಕೊಯ್ಲಿನ ಹಿಂದಿನ 10 ತಿಂಗಳು ಕೆಸರನ್ನೇ ನಿಷೇಧಿಸುತ್ತದೆ. ನಿಮ್ಮ ಗೊಬ್ಬರ ಬೆಂದು ಮಾಗಿದೆ ನಿಜ, ಆದರೆ ಪ್ರತಿ ರಾಶಿಯನ್ನೂ ಪೂರ್ತಿ ಪರೀಕ್ಷೆ ಮಾಡಿಸುವವರು ವಿರಳ. ಮೂಲಂಗಿ, ಕ್ಯಾರೆಟ್ಟಿಗೆ ಇನ್ನೂ ಹೆಚ್ಚು ಕಾಲ ಬೇಕು.

ರಾಶಿಯ ಬಿಸಿಯ ದಾಖಲೆ ಸರಿಯಿದ್ದು, ವರ್ಷ ಮಾಗಿ, ಮೂರೂ ಪರೀಕ್ಷೆಯಲ್ಲಿ ಪಾಸಾದ ಗೊಬ್ಬರವನ್ನು ಸೊಪ್ಪಿನ ಮಡಿಗೇ ಹಾಕುತ್ತೇನೆ ಎನ್ನುವವರು ಒಂದು ವಿಷಯ ಗಮನಿಸಬೇಕು. ಮಲದ ಗೊಬ್ಬರ ಹಾಕಿದ್ದಕ್ಕೂ ಕೊಯ್ಲಿಗೂ ನಡುವೆ ಕನಿಷ್ಠ ಒಂದು ತಿಂಗಳು ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಿತ್ತುವ ದಿನ ಹಾಕಿದರೆ ಮೆಂತ್ಯ, ಕೀರೆ ಆ ಗಡುವಿನೊಳಗೇ ಕಿತ್ತಾಗಿರುತ್ತದೆ. ಆದ್ದರಿಂದ ಬಿತ್ತುವುದಕ್ಕೆ ಮೂರು ವಾರ ಮೊದಲೇ ಮಣ್ಣಿಗೆ ಸೇರಿಸಿ, ನೀರು ಕೊಟ್ಟು, ಮಡಿ ಕಟ್ಟಿಡಿ. ಬೆಳೆ ನಿಂತ ಮೇಲೆ ಮೇಲುಗೊಬ್ಬರವಾಗಿ ಎರಚುವುದು, ನೀರಿನಲ್ಲಿ ಕದಡಿ ಚಿಮುಕಿಸುವುದು ಕೂಡದು.

ಸ್ಪ್ರಿಂಕ್ಲರ್ ಬದಲು ಹನಿ ನೀರಾವರಿ ಮಾಡಿ ಅಥವಾ ಸಾಲುಗಾಲುವೆಯಲ್ಲಿ ನೀರು ಕೊಡಿ, ಸಾಲಿನ ನಡುವೆ ಹುಲ್ಲು ಹೊದಿಸಿ. ಮಳೆ ಹನಿ ಬಿದ್ದು ಸಿಡಿಯುವ ಮಣ್ಣೇ ಎಲೆಯ ಅಡಿಗೆ ಅಂಟುವುದು. ಬೇರುಸಹಿತ ಕೀಳುವ ಬದಲು ನೆಲದಿಂದ ಎರಡು ಅಂಗುಲ ಮೇಲೆ ಕುಡುಗೋಲಿನಿಂದ ಕೊಯ್ಯಿರಿ. ಪಾಲಕ್, ದಂಟು ಮತ್ತೆ ಚಿಗುರುತ್ತವೆ. ಮಂಡಿಯಲ್ಲಿ ಬೇರಿಲ್ಲದ ಕಟ್ಟಿಗೆ ಬೆಲೆ ಕಡಿಮೆ ಎಂದು ಬೇರುಸಹಿತವೇ ಕೀಳುವುದಾದರೆ, ಬೇರಿನ ಮಣ್ಣು ಹೊಲದಲ್ಲೇ ಕೊಡವಿ, ಬೋರ್‌ವೆಲ್ ನೀರಿನಲ್ಲಿ, ಹರಿಯುವ ಪೈಪಿನ ಕೆಳಗೆ ತೊಳೆಯಿರಿ. ಹೊಲದ ಪಕ್ಕದ ಹೊಂಡದಲ್ಲಿ ನೂರಾರು ಕಟ್ಟು ಅದ್ದಿ ತೆಗೆಯುವ ರೂಢಿ ಇದೆ. ಆ ಹೊಂಡಕ್ಕೆ ಚರಂಡಿ ನೀರು ಸೇರುತ್ತಿದ್ದರೆ ಗೊಬ್ಬರಕ್ಕಾಗಿ ವರ್ಷಗಟ್ಟಲೆ ಕಾದದ್ದೆಲ್ಲ ಅಲ್ಲೇ ಮುಗಿಯಿತು.

ವರದಿಯಲ್ಲಿ ಮೊಟ್ಟೆ ಅಥವಾ ಇ. ಕೋಲೈ ಮಿತಿ ಮೀರಿದ್ದರೆ ಆ ರಾಶಿಗೆ ಹೊಸ ತರಗೆಲೆ, ಸ್ವಲ್ಪ ಹಸಿ ಸಗಣಿ ಸೇರಿಸಿ ಇನ್ನೊಮ್ಮೆ ಬಿಸಿಯೇರಿಸಬಹುದು, ದಿನದ ಎಣಿಕೆ ಮೊದಲಿನಿಂದ. ಅಷ್ಟು ತಾಳ್ಮೆ ಇಲ್ಲದಿದ್ದರೆ ಸಿಲ್ವರ್ ಓಕ್, ಹೆಬ್ಬೇವಿನ ಮರದ ಬುಡದಲ್ಲಿ ಒಂದೂವರೆ ಅಡಿ ಗುಂಡಿ ತೋಡಿ ಹೂತು ಮಣ್ಣು ಮುಚ್ಚಿ, ದನ ಮೇಯದಂತೆ ಬೇಲಿ ಹಾಕಿ. ಲಾಡಿಹುಳದ ಮೊಟ್ಟೆ ಹುಲ್ಲಿನ ಮೂಲಕ ದನದ ಮಾಂಸಕ್ಕೆ ಹೋಗಿ, ಅಲ್ಲಿಂದ ಮನುಷ್ಯರಿಗೆ ಬರುತ್ತದೆ. ಲೋಹ ಮಿತಿ ಮೀರಿದ್ದರೆ ಮಣ್ಣಿಗೆ ಸೇರಿಸುವ ಮಾತೇ ಇಲ್ಲ, ಕೆಸರು ಕೊಟ್ಟವರಿಗೆ ವರದಿಯ ಪ್ರತಿಯೊಂದಿಗೆ ವಾಪಸ್ ಕಳಿಸಿ.